ಹಳದಿ ವಾಯರಿನ ಆಣೆ

ಶಿರಗುಪ್ಪಿಯ ಧರೆಪ್ಪನವರ ಮನೆಯಲ್ಲಿ ಎರಡು ತರಹದ ಜನ ಇದ್ದಾರೆ. ತಮಗೆ ಎಲ್ಲ ಗೊತ್ತು ಎನ್ನುವವರು, ತಮ್ಮ ಮಗನಿಗೆ ಎಲ್ಲ ಗೊತ್ತು ಎನ್ನುವವರು. ಧರೆಪ್ಪನವರು ಎರಡೂ ಗುಂಪಿನಲ್ಲಿದ್ದಾರೆ. ನಾನು ಮಲಕಾರಿ, ಅವರ ಪಿಕಪ್ ಗಾಡಿಯ ಡ್ರೈವರ. ನನಗೆ ಮಾತ್ರ ಏನೂ ಗೊತ್ತಿಲ್ಲ ಎಂಬ ವಿಷಯದಲ್ಲಿ ಆ ಮನೆಯಲ್ಲಿ ಎಂದೂ ಜಗಳ ಆದದ್ದಿಲ್ಲ.

ಗಾಡಿ ಅವರದು, ಓಡಿಸುವ ಕೈ ನನ್ನದು. ಸೀಜನ್ ಬಂದರೆ ದ್ರಾಕ್ಷಿ ಕ್ರೇಟು ತುಂಬಿಕೊಂಡು ಮಿರಜಿಗೆ ಹೋಗುತ್ತೇನೆ. ಸೀಜನ್ ಮುಗಿದರೆ ಗೊಬ್ಬರ, ಪೈಪು, ಕಬ್ಬಿನ ಬೀಜ, ಒಮ್ಮೊಮ್ಮೆ ಧರೆಪ್ಪನವರ ಬೀಗರು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಕ್ರೇಟು ಕಡಿಮೆ ಬಿದ್ದಿಲ್ಲ. ಆದರೂ ಧರೆಪ್ಪನವರಿಗೆ ನಂಬಿಕೆ ಅನ್ನುವುದು ಹುಟ್ಟಿನಿಂದಲೇ ಇಲ್ಲ. ಬದುವಿನ ಸಲುವಾಗಿ ಒಡಹುಟ್ಟಿದ ಅಣ್ಣನ ಮೇಲೆ ಕೋರ್ಟಿಗೆ ಹೋದ ಮನುಷ್ಯ ಡ್ರೈವರನನ್ನು ನಂಬುತ್ತಾನೆಯೇ? ಗಾಡಿಯಲ್ಲಿ ಗುಟ್ಟಾಗಿ ಒಂದು ಟ್ರ್ಯಾಕರ್ ಕೂಡಿಸಿದರು. ಗಾಡಿ ಎಲ್ಲಿ ಓಡುತ್ತಿದೆ, ಎಲ್ಲಿ ನಿಂತಿದೆ ಎಂದು ಮಾಲಕನ ಫೋನಿಗೆ ತೋರಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ ಅದು. ನನ್ನ ಕಣ್ಣಿಗೆ ಬೀಳಬಾರದು ಎಂದು ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಹುದುಗಿಸಿಟ್ಟಿದ್ದರು. ಆಮೇಲೆ ನಾನು ಕಾಗವಾಡದಲ್ಲಿ ಚಹಾಕ್ಕೆ ನಿಂತಾಗ ತಾವೇ ಫೋನು ಮಾಡಿ, ಅಲ್ಲೇ ಯಾಕೆ ನಿಂತಿದ್ದೀಯ ಎಂದು ಕೇಳಿದರು. ಅವರ ಗುಟ್ಟು ಅವರ ಬಾಯಿಂದಲೇ ನನಗೆ ಗೊತ್ತಾಯಿತು.

ಅವರ ಮಗ ಅಮೋಲ. ಚಿಕ್ಕೋಡಿಗೆ ಡಿಪ್ಲೊಮಾ ಮಾಡಲು ಹೋಗಿ ಅರ್ಧಕ್ಕೆ ಬಿಟ್ಟು ಬಂದ. ಉಳಿದರ್ಧವನ್ನು ಫೋನಿನಲ್ಲಿ ವಿಡಿಯೋ ನೋಡಿ ಮುಗಿಸಿದ್ದೇನೆ ಎಂದು ಅವನ ತಿಳುವಳಿಕೆ. ಮನೆಯ ಮಿಕ್ಸರ್ ಬಿಚ್ಚಿದ, ಅದು ಮತ್ತೆ ಕೂಡಲಿಲ್ಲ. ಬೋರಿನ ಸ್ಟಾರ್ಟರ್ ಬಿಚ್ಚಿದ, ತೋಟಕ್ಕೆ ವಾರಗಟ್ಟಲೆ ನೀರು ಹೋಗಲಿಲ್ಲ. ಆದರೂ ಧರೆಪ್ಪನವರು ಬಂದ ಬಂದವರ ಮುಂದೆ, ಕರೆಂಟಿನ ಕೆಲಸ ನಮ್ಮ ಹುಡುಗನಿಗೆ ನೀರು ಕುಡಿದಷ್ಟು ಸಲೀಸು ಎಂದು ಹೇಳಿಕೊಂಡು ತಿರುಗುತ್ತಾರೆ. ದೀಪಾವಳಿ ಆದ ಮೇಲೆ ಅವನ ಕಣ್ಣು ನನ್ನ ಗಾಡಿಯ ಮೇಲೆ ಬಿತ್ತು. ಸೀಟಿನ ಹಿಂದೆ ಕೊಡದಷ್ಟು ದೊಡ್ಡ ಸ್ಪೀಕರುಗಳು ಬಂದವು, ಸೀಟಿನ ಕೆಳಗೆ ಆಂಪ್ಲಿಫೈಯರ್ ಬಂತು. ಸಂಜೆಯಾದರೆ ಗೆಳೆಯರನ್ನು ಹತ್ತಿಸಿಕೊಂಡು ಗಾಡಿ ತೆಗೆದುಕೊಂಡು ಹೋಗುವನು. ಅವನು ಉಗಾರದಲ್ಲಿ ಹಾಡು ಹಚ್ಚಿದರೆ ಶಿರಗುಪ್ಪಿಯಲ್ಲಿ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ. ಇದಕ್ಕಾಗಿ ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದವನು ಅದರ ಸ್ಕ್ರೂ ಕಳೆದುಹಾಕಿದ. ಅಂದಿನಿಂದ ವಾಯರುಗಳು ನನ್ನ ಮೊಣಕಾಲಿನ ಮೇಲೆ ಶಾವಿಗೆಯ ಹಾಗೆ ಜೋತುಬಿದ್ದಿದ್ದವು. ಕ್ಯಾಬಿನ್ನಿನ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ ಎಂದು ನಾನು ಧರೆಪ್ಪನವರಿಗೆ ಹೇಳಿದ್ದೆ. ಬಲ್ಬು ಹಳೆಯದಾಗಿದೆ ಎಂದು ಅಮೋಲ ಅಂದ, ಅವರು ಅಷ್ಟಕ್ಕೇ ಬಿಟ್ಟರು.

ಆ ಮನೆಯಲ್ಲಿ ನಾನು ಮನಸಾರೆ ಮರ್ಯಾದೆ ಕೊಡುವುದು ಒಬ್ಬಳಿಗೇ, ಧರೆಪ್ಪನವರ ತಾಯಿ ಕಸ್ತೂರೆವ್ವ ಆಯಿಗೆ. ಆದರೆ ಆಯಿಯ ಭಕ್ತಿಗೂ ಲಗಾಮಿಲ್ಲ. ಅಮಾವಾಸ್ಯೆ ಬಂತೆಂದರೆ ಗಾಡಿಗೆ ಪೂಜೆ. ಚಿಂಚಲಿ ಮಾಯಕ್ಕನ ಭಂಡಾರ, ಅಂದರೆ ದೇವಿಯ ಅರಿಷಿಣದ ಪುಡಿ, ಬೇರೆಯವರು ಚಿಟಿಕೆಯಲ್ಲಿ ಹಚ್ಚಿದರೆ ಆಯಿ ಬೊಗಸೆಯಲ್ಲಿ ತೂರುತ್ತಾಳೆ. ಬಾನೆಟ್ಟಿಗೆ, ಗಾಲಿಗೆ, ಸ್ಟೇರಿಂಗಿಗೆ, ಎದುರಿಗೆ ಸಿಕ್ಕರೆ ನನಗೆ. ಪೂಜೆಯ ಮರುದಿನ ನನ್ನ ಪ್ಯಾಂಟಿನ ಬಣ್ಣ ನೋಡಿ ಮಿರಜಿನ ಹಮಾಲರು, ಎರಡನೇ ಮದುವೆಯೇನೋ ಎಂದು ಕೇಳುವರು.

ಹೀಗಿರುವಾಗ ಆ ಟ್ರ್ಯಾಕರ್ ನಡುನಡುವೆ ಸತ್ತುಹೋಗತೊಡಗಿತು. ಫೋನಿನಲ್ಲಿ ಗಾಡಿಯೇ ಕಾಣಿಸದು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಕಾಣಿಸುವುದು. ಧರೆಪ್ಪನವರು ನನ್ನನ್ನು ಕೇಳಲಿಲ್ಲ, ಮೆಕ್ಯಾನಿಕನನ್ನು ಕರೆಸಲಿಲ್ಲ. ಮಗನನ್ನು ಕೇಳಿದರು. ಯಾರೋ ವಾಯರು ಕಡಿದು, ಬೇಕಾದಾಗ ಜೋಡಿಸುತ್ತಿದ್ದಾರೆ ಎಂದು ಮಗ ತೀರ್ಪು ಕೊಟ್ಟ. ಯಾರೋ ಎಂದರೆ ಮತ್ತೆ ಯಾರು, ಡ್ರೈವರನೇ. ಟ್ರ್ಯಾಕರ್ ಬಂದ್ ಮಾಡಿ ಕದ್ದು ಬಾಡಿಗೆ ಹೊಡೆಯುತ್ತಾನೆ, ಡೀಸೆಲ್ ಮಾರುತ್ತಾನೆ. ಸಂಜೆ ಅದೇ ಗಾಡಿಯಲ್ಲಿ ಕುಣಿಯುವ ಪಟಾಲಂ ಇವರ ಲೆಕ್ಕಕ್ಕೇ ಬರಲಿಲ್ಲ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕಿನ ಪಿಕಪ್ ಮಾಲಕರದು ಒಂದು ವಾಟ್ಸಾಪ್ ಗ್ರೂಪು ಇದೆ. ಬಾಡಿಗೆ ಸಿಗುವುದು ಅದರಲ್ಲಿ, ಡ್ರೈವರ ಸಿಗುವುದೂ ಅದರಲ್ಲಿ. ಧರೆಪ್ಪನವರಿಗೆ ಬರೆಯಲು ಬೇಸರ, ಮಾತಾಡಲು ಮಹಾ ಹುರುಪು. ಒಂದು ವಾಯ್ಸ್ ಮೆಸೇಜು ಬಿಟ್ಟರು.

"ನಮ್ಮ ಡ್ರೈವರ ಮಲಕಾರಿ ಗಾಡಿ ವಾಯರ ಕಡದಾನ. ಕಳ್ಳ ಅದಾನ. ಯಾರೂ ಅವನ ಕೈಯಾಗ ಕೀಲಿ ಕೊಡಬ್ಯಾಡ್ರಿ."

ಮಧ್ಯಾಹ್ನದೊಳಗೆ ಅದು ಮುಗಳಖೋಡಕ್ಕೆ, ನನ್ನ ಹೆಂಡತಿ ಮನೀಷಾಳ ತವರಿಗೆ ಮುಟ್ಟಿತು. ಅವಳ ತಮ್ಮ ಫೋನು ಮಾಡಿ, ಭಾವ ಹೀಗೆ ಮಾಡಿದ್ದು ಖರೆಯೇ ಎಂದು ಕೇಳಿದ. ಮನೀಷಾ ಫೋನಿಟ್ಟು ಬಾಗಿಲು ಹಾಕಿಕೊಂಡಳು. ನನಗೆ ಹೊಲವಿಲ್ಲ, ಅಂಗಡಿಯಿಲ್ಲ, ಸ್ಟೇರಿಂಗು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಕಳ್ಳ ಎನ್ನಿಸಿಕೊಂಡ ಡ್ರೈವರನಿಗೆ ಈ ಐದು ತಾಲೂಕಿನಲ್ಲಿ ಯಾರೂ ಗಾಡಿ ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದವನೇ ಧರೆಪ್ಪನವರ ಅಂಗಳಕ್ಕೆ ಹೋಗಿ ನಿಂತೆ. ಕಡಿದ ವಾಯರನ್ನು ತೋರಿಸಿ, ಅದೂ ನಿಮ್ಮ ಮಗನ ಬಾಯಿಂದ ಬೇಡ, ಗಾಡಿಯ ವಾಯರಿಂಗ್ ನಕಾಶೆ ಓದಲು ಬರುವವರಿಂದ ತೋರಿಸಿ ಎಂದೆ. ಧರೆಪ್ಪನವರು ಮೀಸೆಯಲ್ಲಿ ನಕ್ಕು ಅಲ್ಲೇ ಫೋನು ಹಚ್ಚಿದರು. ಗೆದ್ದಾಗಿದೆ ಎಂದುಕೊಂಡವರಿಗೆ ಸಾಕ್ಷಿ ಕರೆಸಲು ಎಂಥ ಉತ್ಸಾಹ! ಓಣಿಯವರು ಕೆಲವರು ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದು ಕಟ್ಟೆಯ ಮೇಲೆ ಕುಳಿತರು.

ಚಿಕ್ಕೋಡಿಯಿಂದ ವಿಶಾಲ ಬಂದ. ಅಲ್ಲಿ ಗಾಡಿಗಳ ವಾಯರಿಂಗ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬಾನೆಟ್ಟಿನ ಮೇಲಿಟ್ಟು ನಕಾಶೆ ತೆರೆದ. ಗೆರೆ, ಗೆರೆಯಿಂದ ಗೆರೆ, ನಡುವೆ ಚೌಕ, ಚಿಕ್ಕ ಚಿಕ್ಕ ಅಕ್ಷರ. ಯಾರೋ ತುಳಿದುಹೋದ ರಂಗೋಲಿಯ ಹಾಗೆ ಕಂಡಿತು ನನಗೆ. ಧರೆಪ್ಪನವರು ಕನ್ನಡಕ ಏರಿಸಿ, ಇದರಲ್ಲಿ ಉತ್ತರ ದಿಕ್ಕು ಯಾವ ಕಡೆ ಎಂದು ಕೇಳಿದರು. ಬದುವಿನ ನಕಾಶೆ ನೋಡಿ ನೋಡಿ ಅಭ್ಯಾಸ. ಇದಕ್ಕೆ ದಿಕ್ಕಿಲ್ಲ, ಎಲ್ಲ ವಾಯರೂ ಬ್ಯಾಟರಿಯಿಂದ ಹೊರಟು ಕಡೆಗೆ ಭೂಮಿಗೆ ಮುಟ್ಟುತ್ತವೆ ಎಂದು ವಿಶಾಲ ಹೇಳಿದ. ಭೂಮಿ ಎಂದ ಕೂಡಲೇ ಧರೆಪ್ಪನವರ ಕಿವಿ ನೆಟ್ಟಗಾಯಿತು. ಯಾರ ಭೂಮಿ ಎಂದು ಕೇಳಿಯೂ ಬಿಟ್ಟರು. ವಿಶಾಲ ಒಳ್ಳೆಯವನು, ನಗಲಿಲ್ಲ.

ಅವನು ಸಮಾಧಾನದಿಂದ ವಿವರಿಸಿದ. ಒಂದೊಂದು ಗೆರೆ ಒಂದೊಂದು ವಾಯರು. ಪಕ್ಕದ ಅಕ್ಷರ ಅದರ ಬಣ್ಣ. ವೈ ಎಂದರೆ ಹಳದಿ, ಡಬ್ಲ್ಯೂ ಎಂದರೆ ಬಿಳಿ, ಬಿ ಎಂದರೆ ಕರಿ. ನೀಲಿಗೆ ಎಲ್, ಯಾಕೆಂದರೆ ಬಿ ಆಗಲೇ ಕರಿಗೆ ಹೋಗಿದೆ. ಗೆರೆ ಹಿಡಿದು ಹೋದರೆ ಯಾವ ವಾಯರು ಯಾವ ಫ್ಯೂಜಿನಿಂದ ಹುಟ್ಟಿ ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತಾಗುತ್ತದೆ. ಗಾಡಿಯನ್ನೆಲ್ಲ ಬಿಚ್ಚುವ ಕೆಲಸವಿಲ್ಲ. ಪ್ರತಿ ಮಾತಿಗೂ ಅಮೋಲ, ಗೊತ್ತು ಗೊತ್ತು ಎನ್ನುತ್ತಿದ್ದ. ಗೊತ್ತು ಎನ್ನುತ್ತಲೇ ಬ್ಯಾಟರಿಯ ಗುರುತಿನ ಮೇಲೆ ಬೆರಳಿಟ್ಟು, ಇದು ಹಾರ್ನು ಎಂದ. ವಿಶಾಲ ಅವನ ಬೆರಳನ್ನು ಮೆಲ್ಲಗೆ ಸರಿಸಿ ಮುಂದೆ ಹೋದ.

ಕ್ಯಾಬಿನ್ ದೀಪದ ವಾಯರು ಹಳದಿ. ಅದರಲ್ಲಿ ಯಾವಾಗಲೂ ಕರೆಂಟು ಇರುವುದರಿಂದ ಟ್ರ್ಯಾಕರ್ ಕೂಡಿಸುವವರು ಅದಕ್ಕೇ ಜೋಡಿಸುತ್ತಾರಂತೆ. ವಿಶಾಲ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಹಿಡಿದು, ಜೋತುಬಿದ್ದ ವಾಯರುಗಳನ್ನು ಒಂದೊಂದಾಗಿ ಬಿಡಿಸಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಹೇಳಿದ.

"ಹಳದಿ ವಾಯರ ಒಂದ ಕಡದಾರ ನೋಡ್ರಿ. ಕಡದ ಜೋಡಿಸಿ, ಟೇಪ್ ಸುತ್ಯಾರ."

ನಾನು ಕಡಿದಿಲ್ಲ ಎಂದು ನನಗೆ ಗೊತ್ತು, ಆದರೆ ಕಡಿದದ್ದು ಅಲ್ಲಿದೆ, ನಕಾಶೆ ಓದುವವನೇ ಹೇಳುತ್ತಿದ್ದಾನೆ, ಅವನನ್ನು ಕರೆಸಿ ಎಂದವನೂ ನಾನೇ. ಧರೆಪ್ಪನವರು ಕಟ್ಟೆಯ ಕಡೆ ತಿರುಗಿ, ಕೇಳಿದಿರಲ್ಲ ಎಂದು ಕೈ ಬೀಸಿದರು. ಅಮೋಲ ಎದೆ ಉಬ್ಬಿಸಿ, ತಾನು ಇದನ್ನು ನೋಡದೆಯೇ ಹೇಳಿದ್ದೆ ಎಂದ. ನೋಡದೆಯೇ ಹೇಳುವುದು ಅವನಿಗೆ ಮೊದಲಿನಿಂದಲೂ ಸಲೀಸು. ಕಟ್ಟೆಯವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮೈಯಲ್ಲಿ ಚುಚ್ಚುತ್ತದೆ. ಅವರಲ್ಲಿ ಕೆಲವರ ಮನೆ ಸಾಮಾನನ್ನು ನಾನೇ ಪುಕ್ಕಟೆ ಹೊತ್ತು ಹಾಕಿದ್ದೆ.

ವಿಶಾಲ ಮೇಲೆ ಎದ್ದು ಮತ್ತೆ ನಕಾಶೆ ನೋಡಿದ, ಮತ್ತೆ ಕೆಳಗೆ ಬಗ್ಗಿ ನೋಡಿದ, ತಲೆ ಕೆರೆದುಕೊಂಡ.

"ಒಂದ ತಿಳೀವಲ್ದ್ರಿ. ನಕಾಶ್ಯಾಗ ಇಲ್ಲಿ ಒಂದ ಹಳದಿ, ಒಂದ ಬಿಳಿ ತೋರಸ್ತಾರ. ಇಲ್ಲಿ ಬಿಳೀದ ಇಲ್ಲ. ಎರಡೂ ಹಳದಿ ಅದಾವು."

ಕಂಪನಿಯಲ್ಲಿ ಬಿಳಿ ವಾಯರು ತೀರಿಹೋಗಿರಬೇಕು, ಅದಕ್ಕೇ ಹಳದಿಯನ್ನೇ ಹಾಕಿದ್ದಾರೆ ಎಂದು ಅಮೋಲ ಹೇಳಿದ. ಅವರ ಮನೆಯಲ್ಲಿ ತೊಗರಿಬೇಳೆ ತೀರಿದರೆ ಕಡಲೆಬೇಳೆ ಹಾಕುವಂತೆ ಗಾಡಿ ಕಂಪನಿಯೂ ಮಾಡುತ್ತದೆ ಎಂದು ಅವನ ಅಂದಾಜು. ಧರೆಪ್ಪನವರು ಹೌದು ಹೌದು ಎಂದರು. ಕಟ್ಟೆಯವರೂ ಹೌದು ಎಂದರು. ವಿಶಾಲ ಒಪ್ಪಲಿಲ್ಲ, ಆದರೆ ಮಾಲಕರು ಅಷ್ಟು ಗಟ್ಟಿಯಾಗಿ ಹೇಳುವಾಗ ತಾನು ಯಾಕೆ ಬಾಯಿ ಹಾಕಬೇಕು ಎಂದು ಸುಮ್ಮನೆ ನಿಂತ.

ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದಕ್ಕೇ ಕಂಡಿತು. ವಿಶಾಲನ ಬಿಳಿ ಅಂಗಿಯ ಎದೆಯ ಮೇಲೆ, ವಾಯರುಗಳು ಜೋತುಬಿದ್ದಿದ್ದ ಜಾಗದಲ್ಲಿ, ಹಳದಿ ಪುಡಿ ಉದುರಿತ್ತು. ಸ್ಟೇರಿಂಗಿನ ಕೆಳಗೆ ಮುಚ್ಚಳವಿಲ್ಲದ ಜಾಗ. ಅದರ ಮೇಲೆ ಎಷ್ಟೋ ಅಮಾವಾಸ್ಯೆಯ ಭಂಡಾರ. ಮೇಲೆ ನನ್ನ ಬೆವರು, ಗ್ರೀಸು, ರಸ್ತೆಯ ಧೂಳು. ಕರಿ ವಾಯರು ಅರಿಷಿಣ ಬಿದ್ದರೂ ಕರಿಯಾಗಿಯೇ ಕಾಣುತ್ತದೆ, ಕೆಂಪು ಕೆಂಪಾಗಿಯೇ ಕಾಣುತ್ತದೆ. ಬಿಳಿಯದರ ಗತಿ ಏನು?

ಸೀಟಿನ ಮೇಲಿದ್ದ ಅರಿವೆ ತೆಗೆದುಕೊಂಡು ಒರೆಸಲು ಬಗ್ಗಿದೆ. ಅಮೋಲ ನನ್ನ ಕೈ ಹಿಡಿದು, ಸಾಕ್ಷಿ ಅಳಿಸುತ್ತಿದ್ದಾನೆ ನೋಡಿ ಎಂದು ಕೂಗಿದ. ಅದೇ ಹೊತ್ತಿಗೆ ಹೊಸಲಿನ ಮೇಲೆ ನಿಂತಿದ್ದ ಕಸ್ತೂರೆವ್ವ ಆಯಿಯ ದನಿ ಬಂತು.

"ಮಲಕಾರಿ, ಆ ಹೊಲಸ ಅರಿವಿ ಹಚ್ಚಬ್ಯಾಡ. ದೇವಿ ಭಂಡಾರ ಐತಿ ಅದರ ಮ್ಯಾಲ."

ಅರಿವೆ ಕೈಯಿಂದ ಬಿತ್ತು. ನಾನು ಯಾರನ್ನು ಬೇಕಾದರೂ ಎದುರು ಹಾಕಿಕೊಂಡೇನು, ಭಂಡಾರವನ್ನು ಗ್ರೀಸಿನ ಅರಿವೆಯಲ್ಲಿ ಒರೆಸಲಾರೆ. ನನ್ನ ಹೆಸರೇ ದೇವರದು, ನನ್ನ ಹುಟ್ಟಿಗೆ ಅಪ್ಪ ಭಂಡಾರ ಹಂಚಿದ್ದ. ಆಯಿ ಕೆಳಗಿಳಿದು ಬಂದು ನನ್ನ ಎದುರು ನಿಂತಳು. ಮಾತು ಬಹಳ ಬೇಡ, ನಿನ್ನ ಮನಸ್ಸು ಚೊಕ್ಕ ಇದ್ದರೆ ಭಂಡಾರ ಮುಟ್ಟಿ ಹೇಳು, ನಾನು ನಂಬುತ್ತೇನೆ ಎಂದಳು. ನಮ್ಮ ಕಡೆ ಜನ ಬಾಂಡ್ ಪೇಪರಿನ ಮೇಲೆ ಸುಳ್ಳು ಹೇಳುತ್ತಾರೆ, ಕೋರ್ಟಿನಲ್ಲಿ ಕೈಮುಗಿದು ಸುಳ್ಳು ಹೇಳುತ್ತಾರೆ. ಭಂಡಾರವನ್ನು ಬೆರಳಿಗೆ ಹಚ್ಚಿ ಹಣೆಗೆ ಇಟ್ಟುಕೊಂಡು ಹೇಳುವುದಿಲ್ಲ. ಹೇಳಿದವನ ಮನೆ ಏನಾಗುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು.

ಹಣೆಗೆ ಹಚ್ಚುವುದು ಒರೆಸಿದಂತಲ್ಲ. ಅದು ಹೊಳೆದ ಕೂಡಲೇ ನನ್ನ ದನಿ ವಾಪಸು ಬಂತು.

"ಮುಟ್ತೀನಿ ಆಯಿ. ಆದ್ರ ಹೊಸಾ ಭಂಡಾರ ಬ್ಯಾಡ. ಈ ಕಡದ ವಾಯರಿನ ಮ್ಯಾಲಿಂದನ ತಗೊಂಡ ಆಣಿ ಮಾಡ್ತೀನಿ. ಮತ್ತ ನಾ ಒಬ್ಬಾಂವ ಅಲ್ಲ, ಈ ಗಾಡ್ಯಾಗ ಕುಂತಾವ್ರ ಎಲ್ಲಾರೂ ಮಾಡ್ಬೇಕು."

ಧರೆಪ್ಪನವರು ಸಿಡಿಮಿಡಿಗೊಂಡರು. ಡ್ರೈವರನ ಜೊತೆ ಮಾಲಕ ಆಣೆ ಮಾಡಬೇಕೇ, ಎಲ್ಲಿಯ ರೀತಿ ಇದು ಎಂದರು. ಆಯಿ ಒಂದೇ ಮಾತಿಗೆ ಬಾಯಿ ಮುಚ್ಚಿಸಿದಳು. ದೇವಿಯ ಮುಂದೆ ಮಾಲಕ ಯಾರು, ಡ್ರೈವರ ಯಾರು ಎಂದು ಕೇಳಿದಳು. ಮೊದಲು ನೀನು ಮಾಡು ಎಂದು ನನಗೆ ಹೇಳಿದಳು.

ನಾನು ಬಗ್ಗಿ, ಟೇಪಿನ ಪಕ್ಕದಲ್ಲಿ ಎರಡು ಬೆರಳಲ್ಲಿ ವಾಯರನ್ನು ಹಿಡಿದು, ಉದ್ದಕ್ಕೂ ನೀವಿ ಭಂಡಾರ ತೆಗೆದುಕೊಂಡೆ. ಹಣೆಗೆ ಹಚ್ಚಿ, ಈ ಗಾಡಿಯ ಯಾವ ವಾಯರನ್ನೂ ನಾನು ಕಡಿದಿಲ್ಲ ಎಂದೆ. ಧರೆಪ್ಪನವರು ಮುಖ ಸಿಂಡರಿಸಿಕೊಂಡು ಬಂದರು. ಕಬ್ಬಿನ ಗಣಿಕೆಯಂಥ ಹೆಬ್ಬೆರಳಿನಿಂದ ವಾಯರನ್ನು ಒತ್ತಿ ಎಳೆದರು, ನಾನು ಕಡಿದಿಲ್ಲ ಎಂದು ಗೊಣಗಿದರು. ಆಯಿ ತಾನೂ ಒಮ್ಮೆ ಪೂಜೆಗೆ ಒಳಗೆ ಕೂತಿದ್ದೆ ಎಂದು ಕೈ ಹಚ್ಚಿದಳು. ಸುಮ್ಮನೆ ನೋಡುತ್ತ ನಿಂತಿದ್ದ ವಿಶಾಲನೂ, ನಾನೂ ಈಗ ಕೂತೆನಲ್ಲ ಎಂದು ಭಕ್ತಿಯಿಂದ ತೆಗೆದುಕೊಂಡ. ಅವನ ಕಣ್ಣು ಮಾತ್ರ ವಾಯರಿನ ಮೇಲೆಯೇ ಇತ್ತು. ಅವನಿಗೂ ತಿಳಿದುಹೋಗಿತ್ತು.

ಅಮೋಲ ಹಿಂದೆ ಸರಿದು, ತನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದ. ಹೊಸ ಬೈಕಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿಕೊಂಡು, ರಾಹುಕಾಲ ನೋಡಿ ಕಿಕ್ ಹೊಡೆದವನು ಇವನೇ. ಆಯಿ ಅವನನ್ನು ನೋಡಿದಳು. ಬರೀ ನೋಡಿದಳು. ಅವನು ಬಂದು, ಬೆರಳಿನಿಂದ ವಾಯರನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು, ಹತ್ತಿರ ನಿಂತವರಿಗಷ್ಟೇ ಕೇಳಿಸುವ ಸಣ್ಣ ದನಿಯಲ್ಲಿ ಹೇಳಿದ.

"ಟ್ರ್ಯಾಕರ್ ವಾಯರ ನಾ ಕಡದಿಲ್ಲ."

ಅದು ಖರೆಯೇ. ಅದರ ಮಟ್ಟಿಗೆ ಅವನು ಸುಳ್ಳು ಹೇಳಲಿಲ್ಲ.

ಎಲ್ಲರ ಹಣೆಯೂ ಹಳದಿಯಾಗಿತ್ತು, ವಾಯರು ಹಳದಿಯಾಗಿರಲಿಲ್ಲ. ಬುಡದಲ್ಲಿ ಚೂರು ಮಾಸಿದ್ದರೂ ಉಳಿದದ್ದೆಲ್ಲ ಬೆಳ್ಳಗೆ ಕಾಣುತ್ತಿತ್ತು. ವಿಶಾಲ ಅದನ್ನು ಬೆಳಕಿಗೆ ಎಳೆದು ಹಿಡಿದು ಎಲ್ಲರಿಗೂ ತೋರಿಸಿದ. ಕಟ್ಟೆಯವರು ಎದ್ದು ಬಂದು ಬಗ್ಗಿ ನೋಡಿದರು. ಪಕ್ಕದ ಇನ್ನೊಂದು ಹಳದಿಯನ್ನೂ ವಿಶಾಲ ಬೆರಳಲ್ಲಿ ನೀವಿ ಹಣೆಗೆ ಹಚ್ಚಿಕೊಂಡ. ಅದು ಎಷ್ಟು ನೀವಿದರೂ ಹಳದಿಯೇ. ಅದರ ಮೇಲೆ ಕಡಿದ ಗುರುತು ಒಂದೂ ಇರಲಿಲ್ಲ.

ಅವನು ನಕಾಶೆಯ ಮುಂದೆ ನಿಂತು ಡಬ್ಲ್ಯೂ ಅಕ್ಷರದ ಗೆರೆಯನ್ನು ಬೆರಳಲ್ಲಿ ಹಿಡಿದು ಹೋದ. ಈ ಸಲ ಯಾರೂ ಗೊತ್ತು ಎನ್ನಲಿಲ್ಲ. ಗೆರೆ ಟೇಪ್ ರೆಕಾರ್ಡರಿನ ಚೌಕಕ್ಕೆ ಹೋಗಿ ನಿಂತಿತು. ಇದು ಹಾಡು ಹಚ್ಚುವ ಟೇಪ್ ರೆಕಾರ್ಡರಿನ ವಾಯರು, ಇದನ್ನು ಕಡಿದು ಇದರಲ್ಲಿ ಆಂಪ್ಲಿಫೈಯರಿಗೆ ಕರೆಂಟು ಎಳೆದಿದ್ದಾರೆ ಎಂದು ವಿಶಾಲ ಹೇಳಿದ. ಆಮೇಲೆ ಗೆರೆಯನ್ನು ಹಿಂದಕ್ಕೆ ಹಿಡಿದು ಬಂದ. ಬಿಳಿಯೂ ಹಳದಿಯೂ ಹೊರಡುವುದು ಒಂದೇ ಫ್ಯೂಜಿನಿಂದ. ಫ್ಯೂಜಿನ ಡಬ್ಬಿ ತೆರೆದು ಅದನ್ನು ಕೀಳಲು ಹೋದ. ಅಲ್ಲಿ ಫ್ಯೂಜೇ ಇರಲಿಲ್ಲ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ತುರುಕಿದ್ದರು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. ಜೋರಾಗಿ ಹಾಡು ಹಚ್ಚಿದಾಗ ಇಲ್ಲಿ ಕಾಯುತ್ತದೆ, ಕಾದಾಗ ಕಾಗದ ಸಡಿಲಾಗುತ್ತದೆ, ಟ್ರ್ಯಾಕರೂ ಹೋಗುತ್ತದೆ, ಕ್ಯಾಬಿನ್ ದೀಪವೂ ಹೋಗುತ್ತದೆ. ತಣ್ಣಗಾದರೆ ತಾನಾಗಿ ಬರುತ್ತದೆ ಎಂದು ಬಿಡಿಸಿ ಹೇಳಿದ. ಇನ್ನು ಸ್ವಲ್ಪ ದಿನ ಹೀಗೇ ಓಡಿಸಿದ್ದರೆ ಗಾಡಿಗೆ ಬೆಂಕಿ ಹತ್ತುತ್ತಿತ್ತು ಎಂದೂ ಹೇಳಿದ. ಆ ಬೆಂಕಿಯ ಮೇಲೆ ಕೂತು ನಾನು ದಿನಾ ಮಿರಜಿಗೆ ಹೋಗಿ ಬರುತ್ತಿದ್ದೆ.

ಸ್ಪೀಕರು ಕೂಡಿಸಿದವರು ಯಾರು ಎಂದು ವಿಶಾಲ ಕೇಳಿದ. ಕಟ್ಟೆಯವರ ಕಣ್ಣೆಲ್ಲ ಒಂದೇ ಕಡೆ ತಿರುಗಿದವು. ಅಮೋಲ ತನ್ನ ಚಪ್ಪಲಿ ನೋಡುತ್ತಿದ್ದ.

ಧರೆಪ್ಪನವರ ಮುಖ ಒಂದು ಗಳಿಗೆ ಇಳಿಯಿತು, ಮರುಗಳಿಗೆಯಲ್ಲಿ ಅಲ್ಲಿ ನಗು ಬಂದು ಕೂತಿತು. ಇಂಥವರಿಗೆ ನಾಚಿಕೆ ನಿಲ್ಲುವುದಿಲ್ಲ. ದೇವಿಯ ಮಹಿಮೆ ನೋಡಿರಿ, ಖರೆ ಯಾವುದೆಂದು ತಾನೇ ತೋರಿಸಿಕೊಟ್ಟಳು ಎಂದರು. ಕರೆಂಟಿನ ವಿಷಯ, ಯಾರದೂ ತಪ್ಪಿಲ್ಲ, ಗೈರಸಮಜ ಆಯಿತು, ತಪ್ಪು ತಿಳುವಳಿಕೆ ಅಷ್ಟೇ ಎಂದರು. ನಿನ್ನೆ ನನ್ನ ತಪ್ಪಾಗಿದ್ದದ್ದು ಇವತ್ತು ಯಾರ ತಪ್ಪೂ ಅಲ್ಲದ ಹಾಗೆ ಆಯಿತು. ಜೇಬಿನಿಂದ ಗಾಡಿಯ ಕೀಲಿ ತೆಗೆದು ನನ್ನ ಮುಂದೆ ಹಿಡಿದು, ಸಂಜೆಗೆ ಕ್ರೇಟು ತುಂಬಬೇಕು ಎಂದರು. ನಾನು ಕೈ ಚಾಚಲಿಲ್ಲ. ನಿಮ್ಮಲ್ಲಿ ಕೆಲಸ ಮಾಡುವುದು ಬಿಡುವುದು ಆಮೇಲಿನ ಮಾತು, ಮೊದಲು ಆ ಗ್ರೂಪಿನಲ್ಲಿ ಹೇಳಿ ಎಂದೆ.

ಅವರು ಫೋನು ತೆಗೆದು ಏನೋ ಒತ್ತಿ, ಪರದೆಯನ್ನು ನನಗೆ ತೋರಿಸಿದರು. ವಿಷಯ ಬಗೆಹರಿದಿದೆ ಎಂದು ಬರೆದು, ಪಕ್ಕದಲ್ಲಿ ಕೈಮುಗಿದ ಚಿತ್ರ ಹಾಕಿದ್ದರು. ಕಳ್ಳ ಎನ್ನುವಾಗ ಬಾಯಿ ಬೇಕಾಗಿತ್ತು, ಈಗ ಬೆರಳು ಸಾಕಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಂದ ಹೇಳಿದ್ದನ್ನು ಬಾಯಿಂದಲೇ ಹೇಳಬೇಕು, ನಿನ್ನೆಯ ಮಾತನ್ನೇ ಹೇಳಿ, ನನ್ನ ಹೆಸರಿದ್ದಲ್ಲಿ ಕಡಿದವನ ಹೆಸರು ಹಾಕಿ ಎಂದೆ. ಆಗ ಧರೆಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು.

"ಅಮೋಲಗ ಕನ್ಯಾ ನೋಡಾಕತ್ತೇವಿ, ಮಲಕಾರಿ. ಅಥಣಿ ಕಡೀದ ಒಂದ ಮಾತ ನಡದೈತಿ. ಆ ಗ್ರೂಪಿನ್ಯಾಗ ಅವರ ಮಂದಿನೂ ಅದಾರ."

"ನನ್ನ ಹೆಂಡತಿ ನಿನ್ನೆಯಿಂದ ನಳಕ್ಕ ನೀರಿಗೆ ಹೋಗಿಲ್ರಿ, ಮಾಲಕ್ರ. ಆಕೀಗೂ ಮಂದಿ ಅದಾರ."

ಇದನ್ನು ನಾನು ಮೆಲ್ಲಗೇ ಹೇಳಿದ್ದೆ. ಆದರೆ ಆಯಿಯ ಕಿವಿ ಚುರುಕು. ಆಕೆ ಬಂದು ಮಗನ ಕೈಯಿಂದ ಫೋನು ಕಸಿದುಕೊಂಡಳು. ಧರೆಪ್ಪನವರು, ಅವ್ವಾ ನಿನಗೆ ತಿಳಿಯುವುದಿಲ್ಲ ಎಂದರು. ಹುಡುಗನ ಲಗ್ನ, ಮನೆಯ ಮರ್ಯಾದೆ ಎಂದು ಇನ್ನೂ ಏನೇನೋ ಅಂದರು. ಆಯಿ ಅದನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಫೋನನ್ನು ತಿರುವಿ ಮುರುವಿ ನೋಡಿ, ಮೊಮ್ಮಗನ ಮುಂದೆ ಹಿಡಿದಳು.

"ಎಲ್ಲಿ ಒತ್ತೂದ್ಲೇ ಇದನ್ನ? ನಿನಗ ಎಲ್ಲಾ ಗೊತ್ತೈತೆಲ್ಲ, ಒತ್ತ ಹಿಡಿ."

ಅಮೋಲ ಅಪ್ಪನನ್ನು ನೋಡಿದ. ಅಪ್ಪ ಬೇರೆ ಕಡೆ ನೋಡಿದರು. ಅವನು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ತಂದ.

"ನಾ ಕಸ್ತೂರೆವ್ವ, ಶಿರಗುಪ್ಪಿ ಧರೆಪ್ಪನ ತಾಯಿ. ಗಾಡಿ ವಾಯರ ಮಲಕಾರಿ ಕಡದಿಲ್ಲ. ಕಡದಾಂವ ನಮ್ಮ ಮೊಮ್ಮಗ ಅಮೋಲ. ಮಲಕಾರಿ ಕಳ್ಳ ಅಲ್ಲ, ಅವನ ಕೈಯಾಗ ಕೀಲಿ ಕೊಡ್ರಿ."

ಆಯಿ ಉಸಿರು ತೆಗೆದುಕೊಂಡು, ಬಿಡು ಇನ್ನ ಎಂದಳು. ಅಮೋಲ ಬೆರಳು ಎತ್ತಿದ, ಮೆಸೇಜು ಹೋಯಿತು.